ಎತ್ತಿಗೆ ಜ್ವರ, ಎಮ್ಮೆಗೆ ಬರೆ



2018ರ ಆಗಸ್ಟ್ 10ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ತುರ್ಕಿಯ ಉಕ್ಕಿನ ಮೇಲಿನ ಸುಂಕವನ್ನು ಶೇ. 50ಕ್ಕೂ ಅಲ್ಯೂಮಿನಿಯಂ ಮೇಲಿನದನ್ನು ಶೇ. 20ಕ್ಕೂ ಇಮ್ಮಡಿಗೊಳಿಸುವುದಾಗಿ ಸಾರಿದರು. ಇಜ್ಮಿರ್ ನಗರದಲ್ಲಿದ್ದ ಅಮೆರಿಕನ್ ಪಾದ್ರಿ ಆಂಡ್ರ್ಯೂ ಬ್ರನ್ಸನ್ 2016ರ ಅಕ್ಟೋಬರ್‌ನಿಂದ ಅಲ್ಲಿ ಬಂಧನದಲ್ಲಿದ್ದರು. ಅವರ ಬಿಡುಗಡೆಗಾಗಿ ಎರಡು ಸರ್ಕಾರಗಳ ನಡುವೆ ಜಗ್ಗಾಟ ನಡೆದಿತ್ತು. ಮೊದಲೇ ಸೊರಗಿದ್ದ ಲಿರಾ ಅಂದು ಮತ್ತಷ್ಟು ಕುಸಿಯಿತು. ಅಕ್ಟೋಬರ್ 12ರಂದು ನ್ಯಾಯಾಲಯ ಪಾದ್ರಿಗೆ ಶಿಕ್ಷೆ ವಿಧಿಸಿದರೂ, ಅದಾಗಲೇ ಕಳೆದ ಬಂಧನದ ಅವಧಿಯನ್ನು ಗಣಿಸಿ ಬಿಟ್ಟುಬಿಟ್ಟಿತು.

ಸುದ್ದಿ ಓದಿ ನಾನು ಮೊದಲು 'ಭೇಷ್' ಎಂದೆ. ನಮ್ಮ ಮನೆಯ ಹುಡುಗನೇ ಪರದೇಶದ ಸೆರೆಯಲ್ಲಿದ್ದರೆ ನಮ್ಮ ಸರ್ಕಾರವೂ ಹೀಗೇ ಗುಡುಗಲಿ ಎನ್ನುತ್ತಿರಲಿಲ್ಲವೇ? ಆಮೇಲೆ ಹೊಳೆಯಿತು: ಪಾದ್ರಿಯನ್ನು ಹಿಡಿದಿಟ್ಟವರು ಅಧಿಕಾರಸ್ಥರು, ಬೆಲೆ ತೆತ್ತವರು ಲಿರಾದಲ್ಲಿ ಸಂಬಳ ಎಣಿಸುವವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಈ ಅಸ್ತ್ರ ನಮಗೂ ಹೊಸದಲ್ಲ. 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ಭಾರತ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ನಿಲ್ಲಿಸಿತು. ಅಲ್ಲಿನ ಭಾರತೀಯರು ಭೂಮಿ ಕೊಳ್ಳುವುದಕ್ಕೆ ಅಡ್ಡಿಯಾಗುವ ಕಾನೂನು ಬಂದಿತ್ತು. ನಮ್ಮ ರಫ್ತಿಗೂ ಪೆಟ್ಟು ಬಿತ್ತು. ವರ್ಣದ್ವೇಷ ಒಡನೆ ಕರಗಲಿಲ್ಲ. ಆದರೂ ದಶಕಗಳ ಕಾಲ ನಾವು ಪಟ್ಟು ಬಿಡಲಿಲ್ಲ. ಅಲ್ಲಿ ಬರೆಯ ಪಾಲನ್ನು ನಾವೂ ಹೊತ್ತಿದ್ದೆವು.

ನಾಳೆ ನಿಮ್ಮಲ್ಲಿ ಕೆಲವರು ಹೊರದೇಶಗಳಲ್ಲಿ ದುಡಿಯುವಿರಿ, ಕೆಲವರು ಅಧಿಕಾರಿಗಳಾಗುವಿರಿ. ಇಂಥ ಅಸ್ತ್ರವೇ ಬೇಡ ಎನ್ನಲಾರೆ. ಒಬ್ಬ ಮನುಷ್ಯ ಮನೆ ಸೇರುವುದು ಸಣ್ಣ ಮಾತಲ್ಲ. ಆದರೆ 'ಭೇಷ್' ಎನ್ನುವ ಮುನ್ನ, ಬರೆ ಯಾರ ಬೆನ್ನಿಗೆ ಎಂದು ಒಮ್ಮೆ ಕೇಳಿ.