ಪದಕದ ಅಂಚಿನ ಅಕ್ಷರಗಳು

ನಮ್ಮ ಮನೆತನದಲ್ಲಿ ಸಣ್ಣಜ್ಜನವರ ವಿಷಯವಾಗಿ ಒಂದು ಕಥೆ ತಲೆಮಾರುಗಳಿಂದ ನಡೆದುಬಂದಿದೆ. ಅವರು ನಮ್ಮ ಮುತ್ತಜ್ಜನವರ ತಮ್ಮಂದಿರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಪಲ್ಟನ್ ಸೇರಿ, ಬಸ್ರಾದ ಕಡೆ ತುರ್ಕಿ ಸೈನ್ಯದೊಡನೆ ಕಾದಾಡಿ ಊರಿಗೆ ಮರಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಮುಂಬಯಿಯಿಂದ ಹಡಗು ಹತ್ತಿ ಆಫ್ರಿಕೆಯ ಮೊಂಬಾಸಾಕ್ಕೆ ಹೋದವರು ಮತ್ತೆ ಮಲಪ್ರಭೆಯ ದಂಡೆಗೆ ಬರಲೇ ಇಲ್ಲ. ನಮ್ಮ ಆಯಿ ಈ ಕಥೆ ಹೇಳುವಾಗ ಸಣ್ಣಜ್ಜನವರ ಕೈಯಲ್ಲಿ ಯಾವಾಗಲೂ ಬಂದೂಕು ಇರುತ್ತಿತ್ತು.

2023ರಲ್ಲಿ ಊರಿನ ಸಮುದಾಯ ಭವನದಲ್ಲಿ, ಸೈನ್ಯಕ್ಕೆ ಸೇರಿದ ಗ್ರಾಮಸ್ಥರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವುದೆಂದು ಹಿರಿಯರು ನಿಶ್ಚಯಿಸಿದರು. ಎಂಬತ್ತು ದಾಟಿದ ನಮ್ಮ ದೊಡ್ಡಪ್ಪನವರು ಎಲ್ಲರಿಗಿಂತ ಮೊದಲು ಸಣ್ಣಜ್ಜನವರ ಹೆಸರನ್ನು ಬರೆಯಿಸಿ, ಅದರ ಹಿಂದೆ 'ವೀರಯೋಧ' ಎಂದು ಸೇರಿಸಿದರು. ಯಾವ ಪಲ್ಟನ್ ಎಂದು ಕೇಳಿದಾಗ 'ಲಿಂಗಾಯತ ಪಲ್ಟನ್' ಎಂದರು. ಇಲ್ಲಿಂದ ನಮ್ಮ ಹುಡುಕಾಟ ಆರಂಭವಾಯಿತು.

ಮೊದಲ ಹೆಜ್ಜೆಯಲ್ಲಿಯೇ ಎಡವಿದೆವು. ಲಿಂಗಾಯತ ಬೆಟಾಲಿಯನ್ ಕಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ಆ ವೇಳೆಗೆ ಸಣ್ಣಜ್ಜನವರು ನೈರೋಬಿಯಲ್ಲಿ ನೆಲೆನಿಂತು ಇಪ್ಪತ್ತು ವರ್ಷಗಳಾಗಿದ್ದವು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಕಡತಗಳಲ್ಲಿ ಅಧಿಕಾರಿಗಳ ವಿವರ ಹೇರಳವಾಗಿದೆ. ಸಾಮಾನ್ಯ ಸಿಪಾಯಿಯ ಸೇವಾಪತ್ರ ಸಿಕ್ಕುವುದು ವಿರಳ. ಬದುಕಿ ಬಂದವರ ಮಾತಂತಿರಲಿ, ಮಡಿದವರ ಗತಿಯೂ ಇದೇ. ಬಸ್ರಾದ ಸ್ಮಾರಕವು ನಲವತ್ತು ಸಾವಿರಕ್ಕೂ ಮಿಕ್ಕ ಜನರ ನೆನಪಿಗಾಗಿ ನಿಂತಿದ್ದರೂ ಅದರಲ್ಲಿ ಭಾರತದ ಸಾಮಾನ್ಯ ಸೈನಿಕರ ಹೆಸರುಗಳನ್ನು ಕೆತ್ತಲಿಲ್ಲ. ಇಂಥ ತಾರತಮ್ಯ ನಡೆದುದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೋರಿತು.

ದಾರಿ ತೋರಿದವರು ಸಣ್ಣಜ್ಜನವರ ಮೊಮ್ಮಗಳು. ನೈರೋಬಿಯಲ್ಲಿ ಹುಟ್ಟಿ, 1968ರಲ್ಲಿ ಕೀನ್ಯಾದ ಭಾರತೀಯರು ಗುಂಪುಗುಂಪಾಗಿ ಇಂಗ್ಲೆಂಡಿಗೆ ಹೊರಟಾಗ ತಂದೆತಾಯಿಗಳೊಡನೆ ಲೆಸ್ಟರ್ ನಗರ ಸೇರಿದವರು; ವರಸೆಯಲ್ಲಿ ನಮಗೆ ಅತ್ತೆ. ಶ್ರಾವಣದಲ್ಲಿ ಊರು ನೋಡಲು ಬಂದ ಅವರ ಚೀಲದಲ್ಲಿ ಸಣ್ಣಜ್ಜನವರ ಬರಿದಾದ ಕರಡಿಗೆಯೂ ಅದೇ ಬಟ್ಟೆಯಲ್ಲಿ ಸುತ್ತಿದ ಒಂದು ಪದಕವೂ ಇದ್ದವು. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರ, ಇನ್ನೊಂದರಲ್ಲಿ ಕುದುರೆ ಸವಾರ, 1914 ಮತ್ತು 1918 ಎಂಬ ಇಸವಿಗಳು. ದೊಡ್ಡಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡರು.

ಆ ಯುದ್ಧದ ಪದಕಗಳ ಅಂಚಿನಲ್ಲಿ ಪಡೆದವರ ನಂಬರು, ಹೆಸರು, ದಳಗಳನ್ನು ಅಚ್ಚೊತ್ತುತ್ತಿದ್ದರು. ಭೂತಗನ್ನಡಿ ಹಿಡಿದು ನಾವೇ ಓದಿದೆವು. ಹೆಸರು ಸಣ್ಣಜ್ಜನವರದೇ. ಅದರ ಹಿಂದೆ 'ಕೂಲಿ' ಎಂದಿತ್ತು. ಮುಂದೆ 'ಲೇಬರ್ ಕೋರ್' ಎಂದಿತ್ತು. ಪದಕವೂ ಬೆಳ್ಳಿಯದಲ್ಲ, ಕಂಚಿನದು. ಹೋರಾಡಿದವರಿಗೆ ಬೆಳ್ಳಿ, ದುಡಿದವರಿಗೆ ಕಂಚು ಎಂಬುದು ಅಂದಿನ ಸರ್ಕಾರದ ಲೆಕ್ಕ.

ಪಡಸಾಲೆಯಲ್ಲಿ ಕೆಲಹೊತ್ತು ಯಾರೂ ಮಾತನಾಡಲಿಲ್ಲ. "ಇದನ್ನ ಹೊರಗ ಹೇಳೂದು ಬ್ಯಾಡ. ಊರಾಗ ನಗತಾರ," ಎಂದರು ದೊಡ್ಡಪ್ಪನವರು. ನಿಜ ಹೇಳಬೇಕೆಂದರೆ ನಮ್ಮ ಮನಸ್ಸಿನಲ್ಲಿಯೂ ಅದೇ ಇತ್ತು.

ಆಗ ಅತ್ತೆಯವರು ತಮ್ಮ ಬಾಲ್ಯದ ಹರುಕುಮುರುಕು ಕನ್ನಡದಲ್ಲಿ ಹೇಳಿದರು: "ಅಣ್ಣಾ, ನಮ್ಮ ಅಜ್ಜ ಎಂದೂ ತಾ ಸಿಪಾಯಿ ಅಂತ ಹೇಳಲಿಲ್ಲ. ಬಸ್ರಾದಾಗ ಹಳಿ ಹಾಕೇನಿ ಅಂತಿದ್ದ. ಅದನ್ನ ಹೇಳೇ ನೈರೋಬಿಯೊಳಗ ರೈಲ್ವೆ ಕೆಲಸ ಹಿಡದ."

ಈ ಒಂದು ಮಾತಿನಿಂದ ನಮಗೆ ಅವರ ಬಾಳಿನ ಎರಡು ತುಂಡುಗಳು ಕೂಡಿಬಂದವು. 1916ರ ಏಪ್ರಿಲ್ 29ರಂದು ಕುತ್ ಪಟ್ಟಣದಲ್ಲಿ ಬ್ರಿಟಿಷರ ಕೈಕೆಳಗಿನ ಸೈನ್ಯ ಶರಣಾಗತವಾಯಿತು. ಅನ್ನ, ಔಷಧ, ಮದ್ದುಗುಂಡುಗಳನ್ನು ಮುಂದಕ್ಕೆ ಸಾಗಿಸುವ ವ್ಯವಸ್ಥೆ ಸರಿಯಿಲ್ಲದ್ದೂ ಆ ಸೋಲಿಗೆ ಕಾರಣವಾಗಿತ್ತು. ಆಮೇಲೆ ಭಾರತದಿಂದ ಕೆಲಸಗಾರರನ್ನು ಸಾವಿರಗಟ್ಟಲೆ ಕರೆದೊಯ್ದರು. ಸುಡುವ ಬಿಸಿಲಿನಲ್ಲಿ ಅವರು ಬಸ್ರಾ ಬಂದರಿನಲ್ಲಿ ಸರಕು ಇಳಿಸಿದರು, ಪ್ರವಾಹಕ್ಕೆ ಒಡ್ಡು ಕಟ್ಟಿದರು, ಮರಳುಗಾಡಿನಲ್ಲಿ ರೈಲುದಾರಿ ಹಾಕಿದರು. 1917ರ ಮಾರ್ಚ್ 11ರಂದು ಬಾಗ್ದಾದ್ ಕೈವಶವಾದುದರ ಹಿಂದೆ ಈ ಬೆವರೂ ಇದೆ. ಆ ಯುದ್ಧಕ್ಕೆ ಭಾರತದಿಂದ ಹೀಗೆ ಆಯುಧವಿಲ್ಲದೆ ಸೇರಿದವರು 5 ಲಕ್ಷಕ್ಕೂ ಮಿಕ್ಕಿದ್ದಾರೆ. ಅಲ್ಲಿ ಕಲಿತ ಕೆಲಸವೇ ಸಣ್ಣಜ್ಜನವರನ್ನು ಮುಂದೆ ಆಫ್ರಿಕೆಗೆ ಕರೆದೊಯ್ದಿತು. 1931ರಲ್ಲಿ ಕಂಪಾಲಾ ಮುಟ್ಟಿದ ರೈಲು ಮಾರ್ಗದಲ್ಲಿ ಅವರ ಕೈ ಸೋಕಿದ ಹಳಿಗಳೂ ಇದ್ದಾವೆಂದು ಅತ್ತೆಯವರು ಹೆಮ್ಮೆಯಿಂದ ಹೇಳಿದರು.

ಸಣ್ಣಜ್ಜನವರು ಸುಳ್ಳಾಡಿರಲಿಲ್ಲ, ಅವರ ಕೈಗೆ ಬಂದೂಕು ಕೊಟ್ಟವರು ನಾವು. ಬಸವಜಯಂತಿಯ ವೇದಿಕೆಯಲ್ಲಿ ಕಾಯಕದ ಹಿರಿಮೆಯನ್ನು ಕೊಂಡಾಡುವ ನಾವೇ ಮನೆಯ ಹಿರಿಯರ ಕಾಯಕವನ್ನು ಮುಚ್ಚಿಡಲು ಹೊರಟಿದ್ದೆವಲ್ಲ ಎಂದು ನಾಚಿಕೆಯಾಯಿತು. ದೊಡ್ಡಪ್ಪನವರು ಆ ರಾತ್ರಿ ಪ್ರಸಾದವನ್ನು ಮೌನವಾಗಿ ಸ್ವೀಕರಿಸಿದರು. ಬೆಳಗಿನ ಪೂಜೆ ಮುಗಿಸಿ ತಾವೇ ಕಲ್ಲುಕುಟಿಗನ ಬಳಿಗೆ ನಡೆದರು. ಈಗ ಭವನದ ಕಲ್ಲಿನಲ್ಲಿ ಸಣ್ಣಜ್ಜನವರ ಹೆಸರಿನ ಮುಂದೆ 'ಲೇಬರ್ ಕೋರ್, ಬಸ್ರಾ' ಎಂದಷ್ಟೇ ಇದೆ. ಯಾರೂ ನಗಲಿಲ್ಲ. ಅದನ್ನು ಕಂಡ ಇನ್ನೂ ಎರಡು ಮನೆಯವರು ತಮ್ಮ ಅಜ್ಜಂದಿರೂ ಹಾಗೆಯೇ ಹೋಗಿದ್ದರೆಂದು ಹೇಳಿಕೊಂಡು ಬಂದರು.

ವಾಚಕ ಬಂಧುಗಳಲ್ಲಿ ಒಂದು ವಿನಂತಿ. ತಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇಂಥ ಪದಕವಿದ್ದರೆ ಮೊದಲು ಅದರ ಅಂಚನ್ನು ಓದಿರಿ. ಹಿತ್ತಾಳೆಯ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ. ನಮ್ಮ ಸೊಸೆ ಅಂದು ಬೆಳಿಗ್ಗೆ ಹುಣಸೆಹಣ್ಣು ನೆನೆಯಿಟ್ಟೇ ಬಿಟ್ಟಿದ್ದಳು; ಅತ್ತೆಯವರು ತಡೆದರು.