ಬಾವಿಕಟ್ಟೆಯ ಕಲ್ಲು

ಶ್ರವಣಬೆಳಗೊಳಕ್ಕೆ ಹೋದವರಲ್ಲಿ ಬಹುಮಂದಿ ವಿಂಧ್ಯಗಿರಿಯನ್ನೇರಿ, ಬಾಹುಬಲಿ ಸ್ವಾಮಿಯ ದರ್ಶನ ಪಡೆದು ಹಿಂದಿರುಗುತ್ತಾರೆ. ನಾನೂ ಹಲವು ಬಾರಿ ಹಾಗೆಯೇ ಮಾಡಿದ್ದೆ. ಈ ಸಲ ಮೊಮ್ಮಗಳ ಒತ್ತಾಯಕ್ಕೆ ಮಣಿದು ಎದುರಿನ ಚಂದ್ರಗಿರಿಯನ್ನು ಹತ್ತಿದೆ.

ಅಲ್ಲಿ ಬಂಡೆಯೇ ಗ್ರಂಥ. ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಮುನಿಗಳ, ಕಂತಿಯರ ಹೆಸರುಗಳು 7ನೆಯ ಶತಮಾನದ ಅಕ್ಷರಗಳಲ್ಲಿ ಇಂದಿಗೂ ನಿಂತಿವೆ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಈ ಕ್ಷೇತ್ರದ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ, ಸುತ್ತಲಿನ ಊರುಗಳವೂ ಸೇರಿ, ಅವು 500 ಆದವು. 1973ರ ಆವೃತ್ತಿಯಲ್ಲಿ 573. ಕಲ್ಲುಗಳು ಹೊಸದಾಗಿ ಹುಟ್ಟಲಿಲ್ಲ. ನೋಡುವ ಕಣ್ಣು ಎಚ್ಚರಗೊಂಡಿತು.

ಮೊಮ್ಮಗಳು ಕೇಳಿದಳು: “ಅಜ್ಜ, ನಮ್ಮ ಬಾವಿಕಟ್ಟೆಯ ಕಲ್ಲಿನ ಮೇಲೂ ಇಂಥದೇ ಗೆರೆಗಳಿವೆಯಲ್ಲವೇ?”

ನನಗೆ ಉತ್ತರ ಹೊಳೆಯಲಿಲ್ಲ. ಅದು ಮೂರು ತಲೆಮಾರುಗಳಿಂದ ನಾವು ಬಟ್ಟೆ ಒಗೆಯುತ್ತಿದ್ದ ಕಲ್ಲು. ಊರಿಗೆ ಮರಳಿ, ಶಾಸನ ಬಲ್ಲ ಮಿತ್ರರೊಬ್ಬರನ್ನು ಕರೆಸಿದೆ. ಅವರು ಬಹಳ ಹೊತ್ತು ನೋಡಿ, ಕೊನೆಯ ಒಂದೇ ಪದವನ್ನು ಓದಿದರು: ‘ನಿಸಿಧಿ’. ಯಾರದೆಂಬುದು ಅಳಿಸಿಹೋಗಿತ್ತು.

ಜೀವಹಿಂಸೆಯಾಗದಿರಲೆಂದು ಅದೇ ಬಾವಿಯ ನೀರನ್ನು ನಾವು ಸೋಸಿ ಕುಡಿಯುತ್ತಿದ್ದೆವು. ಆ ನೀರನ್ನೇ ಸುರಿದು, ವ್ರತನಿಷ್ಠ ಜೀವವೊಂದರ ಹೆಸರನ್ನು ದಿನದಿನವೂ ಒಗೆದು ತೆಗೆದೆವು. ದ್ವೇಷವಿರಲಿಲ್ಲ; ಪ್ರಮಾದವಿತ್ತು. ಹಿಂಸೆಯ ಮೂಲ ಪ್ರಮಾದವೆಂದು ಬಾಲ್ಯದಿಂದ ಕೇಳಿದ್ದರೂ ಅದರ ಅರ್ಥ ತಿಳಿದುದು ಅಂದೇ.

ಕಲ್ಲು ಈಗ ಬಸದಿಯ ನೆರಳಿನಲ್ಲಿದೆ. ಧರ್ಮದರ್ಶಿಗಳಲ್ಲಿ ನನ್ನದೊಂದು ವಿನಂತಿ: ಜೀರ್ಣೋದ್ಧಾರಕ್ಕೆ ಸುಣ್ಣ, ಸಿಮೆಂಟು ತರಿಸುವ ಮುನ್ನ ಅಂಗಳದ ಕಲ್ಲುಗಳನ್ನು ಒಮ್ಮೆ ಬಾಗಿ ನೋಡಿರಿ.