ಒಂದೇ ಬೀದಿ, ಮೂರು ದನಿ

ಜಯನಗರದಲ್ಲಿ ಸಂಜೆಯ ವಾಯುವಿಹಾರಕ್ಕೆ ಹೊರಟಾಗ ಪೊಲೀಸರ ಕೈಯಲ್ಲಿನ ವಾಕಿಟಾಕಿಯ ಗೊರಗೊರ ಸದ್ದಿಗೆ ನಾನು ಅರೆಕ್ಷಣ ನಿಲ್ಲುವುದುಂಟು. ಅದರಲ್ಲಿ ಒಬ್ಬರು ನುಡಿಯುತ್ತಿರುವಾಗ ಉಳಿದವರು ಕೇಳಲೇಬೇಕು. ಮಾತು ಮುಗಿಸಿದವರು ‘ಓವರ್’ ಎಂದು ಗುಂಡಿಯನ್ನು ಬಿಟ್ಟ ಮೇಲೆಯೇ ಮತ್ತೊಬ್ಬರ ಸರದಿ. ಇದೇ ಶಿಸ್ತಿಗಾಗಿ ತರಗತಿಗಳಲ್ಲಿ ದಶಕಗಟ್ಟಲೆ ಗಂಟಲು ಹರಿದುಕೊಂಡ ನನಗೆ ಆ ಪುಟ್ಟ ಯಂತ್ರದ ಮೇಲೆ ಕೊಂಚ ಅಸೂಯೆಯೂ ಉಂಟು!

ಆದರೆ ಒಂದೇ ತರಂಗಾಂತರಕ್ಕೆ ಹೊಂದಿಸಿದ ಯಂತ್ರಗಳು ಮಾತ್ರ ಪರಸ್ಪರ ಮಾತನಾಡಬಲ್ಲವು. ಬೇರೆ ತರಂಗಾಂತರದವರು ಮಗ್ಗುಲಲ್ಲೇ ನಿಂತಿದ್ದರೂ ಅವುಗಳ ಪಾಲಿಗೆ ಕಿವುಡರೇ.

2025ರ ಮೇ ತಿಂಗಳ ಮಳೆಯಲ್ಲಿ ಬಿ.ಟಿ.ಎಂ. ಬಡಾವಣೆಗೆ ನೀರು ನುಗ್ಗಿತು. ಅಲ್ಲಿನ ಒಂದು ವಸತಿ ಕಟ್ಟಡದಲ್ಲಿ ನೀರನ್ನು ಹೊರಹಾಕುವಾಗ ವಿದ್ಯುತ್ ತಗಲಿ ಇಬ್ಬರು ಅಸುನೀಗಿದರು, ಅವರಲ್ಲೊಬ್ಬ ಬಾಲಕ. ಇಂತಹ ನೀರಿಗೆ ಕಾಲಿಡುವ ಅಗ್ನಿಶಾಮಕ ದಳದವರು ವಿದ್ಯುತ್ ಕಡಿತಗೊಂಡಿದೆಯೇ ಎಂಬುದನ್ನು ಮೊದಲು ತಿಳಿಯಬೇಕು. ಅದನ್ನು ಬಲ್ಲವರು ಬೆಸ್ಕಾಂನವರು. ಯಾವ ರಸ್ತೆಯಲ್ಲಿ ವಾಹನ ಸಾಗೀತೆಂಬುದು ಪೊಲೀಸರಿಗೆ ಗೊತ್ತು. ಈ ಮೂವರ ಮಾತು ಒಂದೆಡೆ ಕೂಡದಿದ್ದರೆ ಗತಿಯೇನು?

ನ್ಯೂಯಾರ್ಕ್ ನಗರ ಇದಕ್ಕೆ ಭಾರಿ ಬೆಲೆ ತೆತ್ತಿತು. 2001ರ ಸೆಪ್ಟೆಂಬರ್ 11ರಂದು, ಅವಳಿ ಗೋಪುರಗಳಲ್ಲಿ ಒಂದು ಕುಸಿದ ಬಳಿಕ, ಮತ್ತೊಂದೂ ಉರುಳುವಂತಿದೆಯೆಂದು ಪೊಲೀಸ್ ಹೆಲಿಕಾಪ್ಟರಿನಲ್ಲಿದ್ದವರು ರೇಡಿಯೋ ಮೂಲಕ ಎಚ್ಚರಿಸಿದರು. ಆ ಎಚ್ಚರಿಕೆ ಅಗ್ನಿಶಾಮಕರ ರೇಡಿಯೋಗಳನ್ನು ಮುಟ್ಟಲಿಲ್ಲ. ‘ಹೊರಬನ್ನಿ’ ಎಂಬ ಅವರದೇ ಅಧಿಕಾರಿಗಳ ಆಜ್ಞೆಯೂ ಒಳಗಿದ್ದ ಅನೇಕರಿಗೆ ಕೇಳಿಸಲಿಲ್ಲ. ಅಂದು 343 ಅಗ್ನಿಶಾಮಕರು ಮಡಿದರು. ಎಲ್ಲರ ಸಾವಿಗೂ ರೇಡಿಯೋ ಒಂದೇ ಕಾರಣವಲ್ಲ. ಆದರೆ ಕೆಲವರಾದರೂ ಉಳಿಯುತ್ತಿದ್ದರೇನೋ!

ಎಲ್ಲ ಇಲಾಖೆಗಳಿಗೂ ಒಂದು ಸಾಮಾನ್ಯ ತರಂಗಾಂತರವನ್ನು ಮುಂಚೆಯೇ ಗೊತ್ತುಮಾಡಿ, ಅದರಲ್ಲಿ ಆಗಾಗ್ಗೆ ಒಟ್ಟಿಗೆ ಅಭ್ಯಾಸ ನಡೆಸುವುದು ಇದಕ್ಕಿರುವ ಉಪಾಯ. ಇಲಾಖೆಗೊಂದು ಸಂಕೇತಭಾಷೆಯಿದ್ದರೆ ಆ ಹೊತ್ತಿನಲ್ಲಿ ಅದನ್ನು ಬದಿಗಿಟ್ಟು ಸರಳ ಮಾತನ್ನೇ ಆಡಬೇಕು. ಮೊಬೈಲ್ ಫೋನ್ ಇದೆಯಲ್ಲ ಎನ್ನುವಿರಾ? ಗೋಪುರಕ್ಕೆ ವಿದ್ಯುತ್ ತಪ್ಪಿದರೆ, ಊರಿಗೆ ಊರೇ ಏಕಕಾಲಕ್ಕೆ ಕರೆಮಾಡಿದರೆ, ಅದು ಮೂಕವಾಗುತ್ತದೆ.

ಹವ್ಯಾಸಿ ರೇಡಿಯೋದವರು ನೆನಪಾಗುವುದು ಆಗಲೇ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದ ಇವರು ಬೆಂಗಳೂರಿನಲ್ಲಿಯೂ ಇದ್ದಾರೆ. ಯಾವ ಇಲಾಖೆಗೂ ಸೇರದ ಇವರು ಎಲ್ಲ ಇಲಾಖೆಗಳ ಮಾತನ್ನೂ ಹೊರಬಲ್ಲರು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್ ದ್ವೀಪಗಳನ್ನು ಅಪ್ಪಳಿಸಿದಾಗ ಹವ್ಯಾಸಿ ಭಾರತಿ ಪ್ರಸಾದ್ ಅವರು ರೇಡಿಯೋ ಪ್ರಯೋಗಕ್ಕೆಂದು ಬಂದು ಪೋರ್ಟ್ ಬ್ಲೇರ್‌ನಲ್ಲಿ ತಂಗಿದ್ದರು. ದೂರವಾಣಿ ಸಂಪರ್ಕ ಕಡಿದುಹೋಗಿದ್ದ ಆ ದಿನಗಳಲ್ಲಿ ಅವರ ಯಂತ್ರವೇ ದ್ವೀಪದ ದನಿಯಾಯಿತು. ಬದುಕುಳಿದವರ ಹೆಸರುಗಳು ಒಂದೊಂದಾಗಿ ಕಡಲು ದಾಟಿ ಮುಖ್ಯಭೂಮಿಯ ಬಂಧುಗಳ ಕಿವಿಯನ್ನು ಮುಟ್ಟಿದವು.